ತಟ್ಟೆಯೊಳಗಿನ ಊರು

ಸಂಗೀತ ಕೇಳುವವರಲ್ಲಿ ಎರಡು ಪಂಗಡ. ಕಛೇರಿ ಮುಗಿದೊಡನೆ ಚಪ್ಪಲಿ ಹುಡುಕಿಕೊಂಡು ಮನೆಗೆ ಹೊರಡುವವರು ಮೊದಲನೆಯವರು. ಕಛೇರಿ ಮುಗಿದ ಮೇಲೆ ಜಗಳಕ್ಕೆ ಕೂರುವವರು ಎರಡನೆಯವರು. ರಸಿಕರೆಂಬ ಬಿರುದು ಸಾಮಾನ್ಯವಾಗಿ ಸಲ್ಲುವುದು ಈ ಎರಡನೆಯ ಪಂಗಡಕ್ಕೆ. ಧಾರವಾಡದಲ್ಲಿ ಕಿರಾಣಾ ಘರಾಣೆ ಮೇಲೋ ಜೈಪುರ ಘರಾಣೆ ಮೇಲೋ ಎಂಬ ಮಾತೆದ್ದರೆ ಕಪ್ಪಿನಲ್ಲಿರುವ ಚಹಾ ಆರಿಹೋಗುತ್ತದೆಯೇ ಹೊರತು ಮಾತು ಆರುವುದಿಲ್ಲ. ಮೈಸೂರಿನ ಹಳಬರ ಎದುರು ತಂಜಾವೂರಿನ ವೀಣೆಯ ಬಾನಿಯನ್ನು ಒಂದು ಗುಲಗಂಜಿ ತೂಕ ಹೆಚ್ಚು ಹೊಗಳಿದರೂ ಸಾಕು, ಶೇಷಣ್ಣನವರ ಕಾಲದಿಂದ ಲೆಕ್ಕ ಒಪ್ಪಿಸಬೇಕಾಗುತ್ತದೆ.

ಈ ವಿಷಯದಲ್ಲಿ ಅಮೆರಿಕದ ಜಾಝ್ ಸಂಗೀತದ ಅಭಿಮಾನಿಗಳು ನಮ್ಮವರ ಬೀಗರು. ಜಾಝ್ ಎಂದರೆ ತುತ್ತೂರಿಗಳ ಗದ್ದಲ ಎಂದುಕೊಂಡವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅದು ಗದ್ದಲವಲ್ಲ. ನಮ್ಮ ಮನೋಧರ್ಮ ಸಂಗೀತದಂತೆ ಅಲ್ಲಿಯೂ ಕಲಾವಿದ ಆ ಗಳಿಗೆಯಲ್ಲಿ ಹೊಳೆದದ್ದನ್ನು ನುಡಿಸುತ್ತಾನೆ. ನಮ್ಮಲ್ಲಿ ರಾಗ ಮತ್ತು ತಾಳಗಳು ಅವನ ಹೊಲದ ಬದುಗಳಾದರೆ, ಅಲ್ಲಿ ಒಂದು ಹಾಡಿನ ಅಡಿಯಲ್ಲಿ ಸಾಗುವ ಸ್ವರಮೇಳಗಳ ಸರಣಿಯೇ ಬದು. ಅದರೊಳಗೆ ಅವನು ಏನು ಬೇಕಾದರೂ ಬೆಳೆಯಬಹುದು.

ಹೀಗೆ ಬೆಳೆದದ್ದರಲ್ಲಿ ಯಾವ ಸೀಮೆಯದು ಅಸಲು ಎಂಬುದೇ ಅಭಿಮಾನಿಗಳ ಜಗಳ. ನ್ಯೂ ಆರ್ಲಿಯನ್ಸ್ ಬಿಟ್ಟರೆ ಜಾಝ್ ಇಲ್ಲ ಎನ್ನುತ್ತಾನೆ ಒಬ್ಬ. ಅಲ್ಲಿ ಹುಟ್ಟಿದ್ದು ನಿಜ, ಬುದ್ಧಿ ಬಂದದ್ದು ಚಿಕಾಗೋದಲ್ಲಿ ಎನ್ನುತ್ತಾನೆ ಇನ್ನೊಬ್ಬ. ಕಾನ್ಸಾಸ್ ಸಿಟಿಯ ಲಯ ಕೇಳದವನ ಕಾಲು ಕಾಲೇ ಅಲ್ಲ ಎಂದು ಮೂರನೆಯವನ ವಾದ. ನ್ಯೂಯಾರ್ಕಿನವನು ನಗುತ್ತಾನೆ, ಕ್ಯಾಲಿಫೋರ್ನಿಯಾದ ತೀರದವನು ನಗುವ ಶ್ರಮವನ್ನೂ ತೆಗೆದುಕೊಳ್ಳುವುದಿಲ್ಲ. ಕೊನೆಗೆ ಪ್ರತಿಯೊಬ್ಬನೂ ಕಪಾಟಿನಿಂದ ತನ್ನ ಮೆಚ್ಚಿನ ರೆಕಾರ್ಡನ್ನು ತೆಗೆದು ತಿರುಗಲು ಬಿಡುತ್ತಾನೆ. ವಾದ ಯಾವುದೇ ಇರಲಿ, ಸಾಕ್ಷಿ ಹೇಳುವುದು ಮಾತ್ರ ತಟ್ಟೆ.

ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸುವುದು ನ್ಯಾಯಾಲಯದ ಪದ್ಧತಿ. ಆ ಕೆಲಸವನ್ನು ಜಾಝ್ ರೆಕಾರ್ಡುಗಳ ಮೇಲೂ ಮಾಡಿ ನೋಡಿದರೆ ಕೆಲವು ಸ್ವಾರಸ್ಯಗಳು ಹೊರಬೀಳುತ್ತವೆ.

ನ್ಯೂ ಆರ್ಲಿಯನ್ಸ್‌ನಿಂದಲೇ ಆರಂಭಿಸಬಹುದು. ಮಿಸಿಸಿಪ್ಪಿ ನದಿ ಸಮುದ್ರ ಸೇರುವ ಮುನ್ನ ಸಿಗುವ ಬಂದರು ಅದು. ಫ್ರೆಂಚರು ಕಟ್ಟಿ, ಸ್ಪೇನಿನವರು ಆಳಿ, ಕೊನೆಗೆ ಅಮೆರಿಕದ ಪಾಲಾದ ಊರು. ಆಫ್ರಿಕದಿಂದ ಗುಲಾಮರಾಗಿ ಬಂದವರು ಭಾನುವಾರಗಳಂದು ಕಾಂಗೋ ಸ್ಕ್ವೇರ್ ಎಂಬ ಬಯಲಿನಲ್ಲಿ ಸೇರಿ ತಮ್ಮ ವಾದ್ಯ ಬಾರಿಸಿ ಕುಣಿಯುತ್ತಿದ್ದರು. ಊರಿನ ತುಂಬ ಹಿತ್ತಾಳೆ ವಾದ್ಯಗಳ ಬ್ಯಾಂಡುಗಳು. ಶವದ ಮೆರವಣಿಗೆಗೂ ಬ್ಯಾಂಡು ಬೇಕು. ಹೋಗುವಾಗ ನಿಧಾನ ಗತಿಯ ಭಕ್ತಿಗೀತೆ, ಮಣ್ಣು ಮಾಡಿ ಮರಳುವಾಗ ಕುಣಿಸುವ ಗತ್ತು. ಸತ್ತವನಿಗೆ ಅಳು, ಉಳಿದವನಿಗೆ ಕುಣಿತ ಎಂಬ ಈ ಏರ್ಪಾಡಿನಲ್ಲಿ ಒಂದು ಲೋಕಜ್ಞಾನವಿದೆ. ಈ ಬೀದಿಗಳಲ್ಲಿಯೇ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹೊಸ ಬಗೆಯ ವಾದನವೊಂದು ಮೊಳೆಯಿತು.

ಅದರ ಮೊದಲ ದೊರೆ ಎಂದು ಎಲ್ಲರೂ ಒಪ್ಪುವ ಹೆಸರು ಬಡ್ಡಿ ಬೋಲ್ಡನ್. ಕಾರ್ನೆಟ್ ಎಂಬ ಪುಟ್ಟ ಕಹಳೆಯನ್ನು ಊದುತ್ತಿದ್ದ ಕರಿಯ. ಅವನ ಊದು ಮೈಲಿಗಟ್ಟಲೆ ಕೇಳುತ್ತಿತ್ತೆಂದು ಕೇಳಿದವರು ಹೇಳಿ ಹೋಗಿದ್ದಾರೆ. 1907ರಲ್ಲಿ ಮನಸ್ಸಿನ ಸ್ಥಿಮಿತ ತಪ್ಪಿ ಆಸ್ಪತ್ರೆ ಸೇರಿದವನು 1931ರಲ್ಲಿ ಸಾಯುವ ತನಕ ಅಲ್ಲಿಂದ ಹೊರಬರಲಿಲ್ಲ. ಅವನದೆಂದು ಉಳಿದಿರುವುದು ಒಂದು ಮಸುಕು ಫೋಟೋ ಮಾತ್ರ. ಮೇಣದ ಉರುಳೆಯ ಮೇಲೆ ಅವನ ವಾದನವನ್ನು ಒಮ್ಮೆ ಮುದ್ರಿಸಿದ್ದರೆಂಬ ಮಾತಿದೆ. ಅಭಿಮಾನಿಗಳು ಹುಡುಕಿದ್ದೇ ಹುಡುಕಿದ್ದು, ಅದು ಸಿಕ್ಕಿಲ್ಲ.

ಭೂಗರ್ಭದಲ್ಲಿ ಪಳೆಯುಳಿಕೆ ಹುಡುಕುವವರ ಕಷ್ಟವೂ ಹೀಗೆಯೇ. ಚಿಪ್ಪು, ಹಲ್ಲು, ಮೂಳೆಗಳಿದ್ದ ಪ್ರಾಣಿಗಳು ಕಲ್ಲಿನಲ್ಲಿ ತಮ್ಮ ಗುರುತು ಬಿಟ್ಟು ಹೋಗುತ್ತವೆ. ಮೆತ್ತನೆಯ ಮೈಯವು ಕರಗಿ ಹೋಗುತ್ತವೆ. ಗುರುತು ಸಿಗಲಿಲ್ಲವೆಂದ ಮಾತ್ರಕ್ಕೆ ಅವು ಇರಲೇ ಇಲ್ಲ ಎಂದು ಹೇಳಲಾಗದು. ಸಿಕ್ಕ ಗುರುತಿನಲ್ಲೂ ಪ್ರಾಣಿಯ ಬಣ್ಣ, ಕೂಗು, ನಡಿಗೆಯ ಠೀವಿ ಅಪರೂಪಕ್ಕೆ ಮಾತ್ರ ಊಹೆಗೆ ದಕ್ಕುತ್ತವೆ. ರೆಕಾರ್ಡು ಸಂಗೀತದ ಪಳೆಯುಳಿಕೆ. ಬೋಲ್ಡನ್ ಗುರುತು ಬಿಡದೆ ಕರಗಿಹೋದ ಜೀವಿ.

ಹಾಗಾದರೆ ಮೊದಲ ಗುರುತು ಯಾರದು? 1917ರ ಫೆಬ್ರವರಿ 26ರಂದು ವಿಕ್ಟರ್ ಕಂಪನಿ ಮುದ್ರಿಸಿದ ‘ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಝ್ ಬ್ಯಾಂಡ್’ ತಂಡದ್ದು. ನುಡಿಸಿದವರು ನ್ಯೂ ಆರ್ಲಿಯನ್ಸಿನವರೇ ಸರಿ. ಆದರೆ ಐವರೂ ಬಿಳಿಯರು. ಮುದ್ರಣವಾದದ್ದು ನ್ಯೂಯಾರ್ಕಿನಲ್ಲಿ. ಕರಿಯರ ಕೇರಿಗಳಲ್ಲಿ ಬೆಳೆದ ಸಂಗೀತದ ಮೊದಲ ತಟ್ಟೆ ಸಾವಿರ ಮೈಲಿ ದೂರದಲ್ಲಿ, ಬಿಳಿಯರ ಹೆಸರಿನಲ್ಲಿ ಹೊರಬಂತು. ಆ ಹೆಸರಿನಲ್ಲಿ ‘ಒರಿಜಿನಲ್’ ಎಂಬ ಮಾತು ಬೇರೆ!

ಕರಿಯ ಕಲಾವಿದರ ಮಹತ್ವದ ಮುದ್ರಣಕ್ಕಾಗಿ 1923ರ ಏಪ್ರಿಲ್ ತನಕ ಕಾಯಬೇಕಾಯಿತು. ನ್ಯೂ ಆರ್ಲಿಯನ್ಸ್ ಬಿಟ್ಟು ಚಿಕಾಗೋ ಸೇರಿದ್ದ ಜೋ ಆಲಿವರ್, ‘ಕಿಂಗ್’ ಎಂದೇ ಹೆಸರಾದವನು, ತನ್ನ ತಂಡವನ್ನು ಕರೆದುಕೊಂಡು ಇಂಡಿಯಾನಾ ರಾಜ್ಯದ ರಿಚ್ಮಂಡ್ ಎಂಬ ಊರಿಗೆ ಹೋದ. ಅಲ್ಲಿದ್ದ ಜೆನೆಟ್ ಕಂಪನಿಯ ಮುದ್ರಣದ ಕೋಣೆ ರೈಲು ಹಳಿಯ ಮಗ್ಗುಲಲ್ಲೇ ಇತ್ತು. ರೈಲು ಬಂದರೆ ವಾದನ ನಿಲ್ಲಬೇಕು. ಹೋದ ಮೇಲೆ ಮತ್ತೆ ಆರಂಭ.

ಆಗ ಮುದ್ರಣದಲ್ಲಿ ವಿದ್ಯುತ್ತಿನ ಪಾತ್ರವಿರಲಿಲ್ಲ, ಮೈಕು ಬಂದಿರಲಿಲ್ಲ. ದೊಡ್ಡದೊಂದು ಕೊಳವೆಯ ಅಗಲ ಬಾಯಿಯ ಎದುರು ಎಲ್ಲರೂ ನಿಂತು ನುಡಿಸಬೇಕು. ಸದ್ದಿನ ಅಲೆಗಳು ಕೊಳವೆಯ ಕಿರಿದಾದ ತುದಿಯಲ್ಲಿರುವ ತೆಳು ಪೊರೆಯನ್ನು ಅದುರಿಸುತ್ತವೆ. ಪೊರೆಗೆ ಜೋಡಿಸಿದ ಮುಳ್ಳು ತಿರುಗುವ ಮೇಣದ ತಟ್ಟೆಯಲ್ಲಿ ಗೀರು ಕೊರೆಯುತ್ತದೆ. ದೊಡ್ಡ ಡ್ರಮ್ಮಿಗೆ ಒಂದು ಪೆಟ್ಟು ಬಿದ್ದರೆ ಮುಳ್ಳು ಹಾರಿ ಗೀರು ಕೆಡುವ ಭಯ. ಆದುದರಿಂದ ತಂಡದ ಬೇಬಿ ಡಾಡ್ಸ್ ದೊಡ್ಡ ಡ್ರಮ್ಮನ್ನು ಬಿಟ್ಟು ಮರದ ತುಂಡುಗಳ ಮೇಲೆ ತಾಳ ಹಾಕಬೇಕಾಯಿತು. ಎರಡನೆಯ ಕಾರ್ನೆಟ್ ನುಡಿಸುತ್ತಿದ್ದ ಇಪ್ಪತ್ತೊಂದು ವರ್ಷದ ಹುಡುಗನ ಊದು ಗುರು ಆಲಿವರನ ಊದನ್ನೇ ನುಂಗುತ್ತಿದ್ದುದರಿಂದ ಅವನನ್ನು ಕೊಳವೆಯಿಂದ ಬಹಳ ಹಿಂದಕ್ಕೆ ನಿಲ್ಲಿಸಿದರೆಂದು ಅದೇ ತಂಡದ ಪಿಯಾನೋ ವಾದಕಿ ಲಿಲ್ ಹಾರ್ಡಿನ್ ನೆನೆದಿದ್ದಾಳೆ. ಆ ಹುಡುಗ ಲೂಯಿ ಆರ್ಮ್‌ಸ್ಟ್ರಾಂಗ್.

ಇದನ್ನು ತಿಳಿಯದೆ ತಟ್ಟೆಯನ್ನು ಮಾತ್ರ ಕೇಳಿದವನು ಏನೆಂದುಕೊಳ್ಳಬೇಕು? ನ್ಯೂ ಆರ್ಲಿಯನ್ಸ್ ಬಾನಿಯಲ್ಲಿ ತಾಳವಾದ್ಯ ಹಗುರ, ಟಕಟಕ ಎಂಬ ಮರದ ಸದ್ದೇ ಅದರ ಲಕ್ಷಣ, ಶಿಷ್ಯನಾದವನು ದೂರದಿಂದ ದನಿಗೂಡಿಸುವುದೇ ಸಂಪ್ರದಾಯ ಎಂದು ತಾನೇ? ಯಂತ್ರದ ಮಿತಿ ಬಾನಿಯ ಲಕ್ಷಣವಾಗಿ ದಾಖಲಾಗುವುದು ಹೀಗೆ.

ಯಂತ್ರ ಹಾಕಿದ ಇನ್ನೊಂದು ಅಂಕೆ ಕಾಲದ್ದು. ಹತ್ತು ಅಂಗುಲದ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗಿದರೆ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ, ಅಂದರೆ ಇನ್ನೂರ ಮೂವತ್ತು ಚಿಲ್ಲರೆ ಸುತ್ತು. ಅಷ್ಟರಲ್ಲಿ ಎಲ್ಲವೂ ಮುಗಿಯಬೇಕು. ಕುಣಿಯುವವರ ಉತ್ಸಾಹ ಇರುವ ತನಕ ನುಡಿಸುತ್ತಿದ್ದವರು ಗಡಿಯಾರ ನೋಡಿಕೊಂಡು ನುಡಿಸುವುದನ್ನು ಕಲಿತರು. ನಮ್ಮವರಿಗೂ ಈ ಕತ್ತರಿ ತಪ್ಪಲಿಲ್ಲ. ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದಾಗ ರಾಗವನ್ನು ಆ ಚೌಕಟ್ಟಿಗೆ ತಕ್ಕಂತೆ ಕಿರಿದು ಮಾಡಿ, ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳಿ ಮುಗಿಸಿದರು. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ಕಣ್ಮುಚ್ಚಿದ ಆ ಗಾಯಕಿಯ ಪೂರ್ಣ ಪ್ರಮಾಣದ ಆಲಾಪ ಹೇಗಿತ್ತೆಂಬುದು ಎದುರು ಕುಳಿತು ಕೇಳಿದವರೊಂದಿಗೇ ಹೋಯಿತು.

ಮೂರು ನಿಮಿಷದಲ್ಲಿ ಅದ್ಭುತ ಸಾಧ್ಯವಿಲ್ಲವೆಂದಲ್ಲ. ಎಲ್ಲ ಪಂಗಡದ ಜಾಝ್ ಅಭಿಮಾನಿಗಳೂ ಜಗಳ ನಿಲ್ಲಿಸಿ ತಲೆದೂಗುವ ರೆಕಾರ್ಡು ಯಾವುದಾದರೂ ಇದ್ದರೆ ಅದು 1928ರ ಜೂನ್ 28ರಂದು ಆರ್ಮ್‌ಸ್ಟ್ರಾಂಗ್ ಮುದ್ರಿಸಿದ ‘ವೆಸ್ಟ್ ಎಂಡ್ ಬ್ಲೂಸ್’. ಅಷ್ಟು ಹೊತ್ತಿಗೆ ಮೈಕು ಬಂದಿತ್ತು. ಹಿಂದೆ ನಿಂತಿದ್ದ ಹುಡುಗ ಮುಂದೆ ಬಂದಿದ್ದ. ಯಾವ ಪಕ್ಕವಾದ್ಯವೂ ಇಲ್ಲದೆ ಟ್ರಂಪೆಟ್ ಒಂದೇ ಹತ್ತಾರು ಸೆಕೆಂಡು ಮೇಲೇರಿ ಕೆಳಗಿಳಿಯುತ್ತದೆ. ಅನಂತರ ಇಡೀ ತಂಡ ನಿಧಾನವಾಗಿ ಕೂಡಿಕೊಳ್ಳುತ್ತದೆ. ಕೊನೆಯ ಸುತ್ತಿನಲ್ಲಿ ಒಂದೇ ಸ್ವರವನ್ನು ಉಸಿರು ಬಿಗಿಹಿಡಿದು ಹತ್ತಿರ ಹತ್ತಿರ ನಾಲ್ಕು ಆವರ್ತದಷ್ಟು ಹೊತ್ತು ನಿಲ್ಲಿಸಿ, ಕೇಳುವವನ ಉಸಿರು ಕಟ್ಟುವ ಹೊತ್ತಿಗೆ ಒಡೆದು ಚೆಲ್ಲುತ್ತಾನೆ. ನ್ಯೂ ಆರ್ಲಿಯನ್ಸಿನ ಅಭಿಮಾನಿ ಇದನ್ನು ತನ್ನ ಊರಿನ ರೆಕಾರ್ಡು ಎನ್ನುತ್ತಾನೆ. ವೆಸ್ಟ್ ಎಂಡ್ ಅಲ್ಲಿಯ ಕೆರೆಯ ದಡದಲ್ಲಿದ್ದ ವಿಹಾರಸ್ಥಳ. ಕೃತಿ ಆ ಸೀಮೆಯ ಜೋ ಆಲಿವರನದು. ಚಿಕಾಗೋದವನು ಮುದ್ರಣವಾದದ್ದು ಎಲ್ಲಿ ಎಂದು ಕೇಳುತ್ತಾನೆ, ಆದದ್ದು ಚಿಕಾಗೋದಲ್ಲಿ. ಅದರಲ್ಲಿ ಮನಸೂರೆಗೊಳ್ಳುವ ಪಿಯಾನೋ ನುಡಿಸಿದ ಅರ್ಲ್ ಹೈನ್ಸ್ ಎರಡೂ ಊರಿನವನಲ್ಲ, ಪೆನ್ಸಿಲ್ವೇನಿಯಾದವನು. ಊರು ಬಿಟ್ಟು ಬಂದವರು ಊರಿನ ಹೆಸರನ್ನು ನೆನೆದು ಪರಊರಿನಲ್ಲಿ ನುಡಿಸಿದ್ದು ಅದು. ತವರಿನ ಹಾಡು ಚೆನ್ನಾಗಿ ಕೇಳುವುದು ಗಂಡನ ಮನೆಯ ಹಿತ್ತಲಿನಲ್ಲಿ ಅಲ್ಲವೆ?

ಆ ತವರೂ ಅವನನ್ನು ಸುಲಭವಾಗಿ ಒಳಗೆ ಕರೆಯಲಿಲ್ಲ. ಕರಿಯರೂ ಬಿಳಿಯರೂ ಸಾರ್ವಜನಿಕ ಸಮಾರಂಭಗಳಲ್ಲಿ ಕೂಡುವುದನ್ನು ನಿಷೇಧಿಸಿ 1956ರಲ್ಲಿ ಲೂಸಿಯಾನಾ ರಾಜ್ಯ ಕಾಯಿದೆ ಮಾಡಿತು. ಆರ್ಮ್‌ಸ್ಟ್ರಾಂಗನ ತಂಡದಲ್ಲಿ ಎರಡೂ ಬಣ್ಣದವರಿದ್ದರು. ಜಗತ್ತೆಲ್ಲ ಸುತ್ತಿ ತನ್ನ ಊರಿನ ಹೆಸರನ್ನು ಮೆರೆಸಿದವನು ಆ ಊರಿನಲ್ಲಿ ಮಾತ್ರ ನುಡಿಸಲು ಒಪ್ಪಲಿಲ್ಲ. 1964ರ ನಾಗರಿಕ ಹಕ್ಕುಗಳ ಕಾಯಿದೆ ಬಂದ ಮೇಲೆ, 1965ರಲ್ಲಿಯೇ ಮತ್ತೆ ಅಲ್ಲಿ ವೇದಿಕೆ ಹತ್ತಿದ್ದು. ಅಭಿಮಾನಿಗಳ ಕಪಾಟಿನಲ್ಲಿದ್ದ ನ್ಯೂ ಆರ್ಲಿಯನ್ಸಿಗೂ ಭೂಪಟದಲ್ಲಿದ್ದ ನ್ಯೂ ಆರ್ಲಿಯನ್ಸಿಗೂ ಇದ್ದ ಅಂತರ ಅಷ್ಟು.

ಕಾನ್ಸಾಸ್ ಸಿಟಿಯ ಕಥೆಯೂ ಬೇರೆಯಲ್ಲ. ಪಾನನಿರೋಧದ ಕಾಲದಲ್ಲಿ, ಆಮೇಲೆ ಬಂದ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲೂ, ಟಾಮ್ ಪೆಂಡರ್‌ಗಾಸ್ಟ್ ಎಂಬ ರಾಜಕಾರಣಿಯ ಕೃಪೆಯಿಂದ ಆ ಊರಿನ ಕ್ಲಬ್ಬುಗಳಿಗೆ ಬಾಗಿಲೇ ಇರಲಿಲ್ಲ. ರಾತ್ರಿಯಿಡೀ ವಾದನ. ಉದ್ದಕ್ಕೂ ನುಡಿಸಬೇಕಾದಾಗ ಹಾಳೆ ನೋಡಿ ನುಡಿಸುವುದು ಸಾಗದು. ಒಂದು ಚಿಕ್ಕ ಸ್ವರಗುಚ್ಛವನ್ನು ಎಲ್ಲರೂ ಮತ್ತೆ ಮತ್ತೆ ಹಿಡಿಯುತ್ತಾರೆ. ಅದರ ಬೆನ್ನೇರಿ ಒಬ್ಬೊಬ್ಬನೇ ತನ್ನ ಕಲ್ಪನೆ ಹರಿಸುತ್ತಾನೆ. ಭಜನೆಯಲ್ಲಿ ಪಲ್ಲವಿ ಹಿಡಿದಂತೆ. ಆ ಊರಿನ ಬಾನಿಗೆ ಮೂಲ ಅಲ್ಲಿಯ ನೀರು ಗಾಳಿಯಲ್ಲ, ಮುಚ್ಚದ ಬಾಗಿಲು. ಅದರ ನಾಯಕಮಣಿ ಕೌಂಟ್ ಬೇಸಿ ಹುಟ್ಟಿದ್ದು ನ್ಯೂಜೆರ್ಸಿಯಲ್ಲಿ. 1936ರಲ್ಲಿ ಜಾನ್ ಹ್ಯಾಮಂಡ್ ಎಂಬ ಅಭಿಮಾನಿ ಚಿಕಾಗೋದಲ್ಲಿ ಕಾರಿನಲ್ಲಿ ಕುಳಿತು ರೇಡಿಯೋ ತಿರುಗಿಸುತ್ತಿದ್ದಾಗ ಬೇಸಿಯ ತಂಡ ಕಿವಿಗೆ ಬಿತ್ತು. ಅವನು ಹಿಡಿದ ಹಟದಿಂದ ತಂಡ ಕಾನ್ಸಾಸ್ ಸಿಟಿ ಬಿಟ್ಟು ಹೊರಬಂತು. ಆ ಊರಿನ ಬಾನಿಗೆ ಇಂದಿಗೂ ಸಾಕ್ಷಿಯಾಗಿ ನಿಂತಿರುವ ‘ಒನ್ ಒ ಕ್ಲಾಕ್ ಜಂಪ್’ 1937ರಲ್ಲಿ ಮುದ್ರಣವಾದದ್ದು ನ್ಯೂಯಾರ್ಕಿನಲ್ಲಿ.

ಜಗಳ ನಿಜವಾಗಿ ಕಾವೇರಿದ್ದು 1940ರ ದಶಕದಲ್ಲಿ. ಅದಕ್ಕೂ ತಟ್ಟೆಯೇ ಕಾರಣ, ಅಥವಾ ತಟ್ಟೆಯ ಅಭಾವ. ರೆಕಾರ್ಡು, ಜೂಕ್‌ಬಾಕ್ಸುಗಳು ತಮ್ಮ ಅನ್ನ ಕಿತ್ತುಕೊಳ್ಳುತ್ತಿವೆ, ಮಾರಾಟವಾದ ತಟ್ಟೆಗೆ ಇಷ್ಟೆಂದು ಸಂದಾಯವಾಗಬೇಕು ಎಂದು ಅಮೆರಿಕದ ವಾದ್ಯಗಾರರ ಸಂಘ 1942ರ ಆಗಸ್ಟ್ 1ರಿಂದ ಮುದ್ರಣ ನಿಲ್ಲಿಸಿತು. ದೊಡ್ಡ ಕಂಪನಿಗಳು ಪೂರ್ತಿಯಾಗಿ ಮಣಿದದ್ದು 1944ರ ನವೆಂಬರಿನಲ್ಲಿ. ಆ ಎರಡು ವರ್ಷಗಳಲ್ಲಿಯೇ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಮಿಂಟನ್ಸ್‌ನಂಥ ಕ್ಲಬ್ಬುಗಳಲ್ಲಿ ಚಾರ್ಲಿ ಪಾರ್ಕರ್, ಡಿಝಿ ಗಿಲೆಸ್ಪಿ ಮೊದಲಾದ ತರುಣರು ಬೀಬಾಪ್ ಎಂಬ ಹೊಸ ಬಾನಿಯನ್ನು ಪಳಗಿಸುತ್ತಿದ್ದರು. ಎದುರು ಕೂತವರಿಗೆ ಅದು ಮೆಟ್ಟಿಲು ಮೆಟ್ಟಿಲಾಗಿ ಏರಿದ್ದು ಕೇಳಿತ್ತು. ತಟ್ಟೆಯನ್ನೇ ನೆಚ್ಚಿದವರಿಗೆ 1945ರಲ್ಲಿ ಅದು ಆಕಾಶದಿಂದ ಬಿದ್ದಂತೆ ಬಂತು. ಪದರಗಳ ನಡುವೆ ಕೆಲವು ಹಾಳೆ ಕಳೆದುಹೋದರೆ ಒಂದು ಪ್ರಾಣಿ ಇದ್ದಕ್ಕಿದ್ದಂತೆ ಇನ್ನೊಂದಾದ ಹಾಗೆ ಕಾಣುವುದಷ್ಟೆ.

ಹಳೆಯ ಬಾನಿಯವರು ಇದು ಜಾಝೇ ಅಲ್ಲ ಎಂದರು. ಹೊಸಬರು ಅವರನ್ನು ಬೂಷ್ಟು ಹಿಡಿದ ಅಂಜೂರಗಳೆಂದು ಕರೆದರು. ಅವರು ತಿರುಗಿ ಇವರನ್ನು ಹುಳಿ ದ್ರಾಕ್ಷಿ ಎಂದರು. ಪತ್ರಿಕೆಗಳ ಪುಟಗಳಲ್ಲಿ ಈ ಹಣ್ಣಿನ ವ್ಯಾಪಾರ ವರ್ಷಗಟ್ಟಲೆ ನಡೆಯಿತು. ಸಾಗರದಾಚೆಯ ಫ್ರಾನ್ಸಿಗೂ ಕಿಡಿ ಹಾರಿತು. ಅಲ್ಲಿ 1932ರಲ್ಲಿ ಹುಟ್ಟಿದ ‘ಹಾಟ್ ಕ್ಲಬ್’ ಎಂಬ ಅಭಿಮಾನಿಗಳ ಕೂಟಕ್ಕೆ ಇಬ್ಬರು ಕಂಬಗಳು. ರೆಕಾರ್ಡುಗಳ ದಿನಾಂಕ, ವಾದಕರ ಹೆಸರು, ಮೇಣದಲ್ಲಿ ಕೆತ್ತಿದ ಸಂಖ್ಯೆಗಳನ್ನು ಕೂಡಿಹಾಕಿ 1936ರಲ್ಲಿ ಜಾಝಿನ ದೊಡ್ಡ ಪಟ್ಟಿ ಪ್ರಕಟಿಸಿದ ಶಾರ್ಲ್ ದಲೋನೆ ಒಬ್ಬ. ಜಾಝಿನ ಮೇಲೆ ಮೊದಲ ಗಂಭೀರ ಗ್ರಂಥಗಳಲ್ಲೊಂದನ್ನು 1934ರಲ್ಲಿ ಬರೆದ ಯೂಗ್ ಪಾನಾಸಿಯೆ ಇನ್ನೊಬ್ಬ. ಬೀಬಾಪ್ ಬಂದಾಗ ದಲೋನೆ ಬಾಗಿಲು ತೆರೆದ, ಪಾನಾಸಿಯೆ ಅಗುಳಿ ಹಾಕಿದ. 1947ರಲ್ಲಿ ಕೂಟವೇ ಒಡೆಯಿತು.

ಇದೇ ಪಾನಾಸಿಯೆ ತನ್ನ ಮೊದಲ ಗ್ರಂಥದಲ್ಲಿ ಬಿಳಿಯ ವಾದಕರಿಗೆ ಎತ್ತರದ ಪೀಠ ಹಾಕಿದ್ದ. 1942ರ ಗ್ರಂಥದಲ್ಲಿ ಅದನ್ನು ತಾನೇ ತಿದ್ದಿಕೊಂಡು, ಜಾಝಿನ ಪರಿಚಯ ತನಗೆ ಮೊದಲು ಆದದ್ದು ಬಿಳಿಯರ ಮೂಲಕ, ಅದೇ ತನ್ನ ದುರದೃಷ್ಟ ಎಂದು ನೇರವಾಗಿ ಬರೆದ. ಕೈಗೆ ಬಂದ ತಟ್ಟೆಯೇ ಇಡೀ ಪ್ರಪಂಚ ಎಂದುಕೊಂಡರೆ ಆಗುವ ಪ್ರಮಾದವನ್ನು ಇಷ್ಟು ಚೆನ್ನಾಗಿ ಬಲ್ಲವನೂ ಐದೇ ವರ್ಷಗಳಲ್ಲಿ ಇನ್ನೊಂದು ಬಾಗಿಲಿಗೆ ಅಗುಳಿ ಹಾಕಿದ್ದು ಅಭಿಮಾನದ ಸ್ವಭಾವವನ್ನು ತೋರಿಸುತ್ತದೆ.

ಇಷ್ಟರ ತನಕ ಇದು ಕಿವಿಗಳ ಜಗಳ. ಆದರೆ ಈ ಜಗಳದ ನಡುವೆ ಜೀವಂತ ಮನುಷ್ಯನೊಬ್ಬ ಸಿಕ್ಕಿಬಿದ್ದ. ಅವನ ಹೆಸರು ಬಂಕ್ ಜಾನ್ಸನ್.

ಬಂಕ್ ನ್ಯೂ ಆರ್ಲಿಯನ್ಸಿನ ಹಳೆಯ ಕಹಳೆಗಾರ. 1931ರ ನವೆಂಬರಿನಲ್ಲಿ ರೇನ್ ಎಂಬ ಸಣ್ಣ ಊರಿನ ಕುಣಿತದ ಕೂಟದಲ್ಲಿ ನುಡಿಸುತ್ತಿದ್ದಾಗ ತಂಡದ ನಾಯಕ ಇವಾನ್ ಥಾಮಸನನ್ನು ಅವನ ಕಣ್ಣೆದುರಿನಲ್ಲೇ ಇರಿದು ಕೊಂದರು. ಆ ಗಲಭೆಯಲ್ಲಿ ಬಂಕ್‌ನ ವಾದ್ಯ ನುಚ್ಚುನೂರಾಯಿತು. ಅವನ ಹಲ್ಲುಗಳೂ ಹೋದವು. ಕಹಳೆ ಊದುವುದು ಬರಿಯ ಶ್ವಾಸಕೋಶದ ಕೆಲಸವಲ್ಲ. ಅದುರುವ ತುಟಿಗಳಿಂದಲೇ ಅಲ್ಲಿ ನಾದ ಹುಟ್ಟುವುದು. ಆ ತುಟಿಗಳಿಗೆ ಹಿಂದಿನಿಂದ ಆಸರೆ ಕೊಡುವುದು ಮುಂದಿನ ಹಲ್ಲು. ಹಲ್ಲಿಲ್ಲದ ಕಹಳೆಗಾರನೆಂದರೆ ಕುದುರೆ ಇಲ್ಲದ ರಾಣೆಗಂಬ. ಬಂಕ್ ನ್ಯೂ ಐಬೀರಿಯಾ ಎಂಬ ಊರಿನಲ್ಲಿ ಭತ್ತದ ಗದ್ದೆಗಳ ಕೂಲಿಗೆ ನಿಂತ, ಲಾರಿ ಹೊಡೆದ.

1930ರ ದಶಕದ ಕೊನೆಯಲ್ಲಿ ವಿಲಿಯಂ ರಸೆಲ್, ಫ್ರೆಡರಿಕ್ ರ್ಯಾಮ್ಸೆ ಮೊದಲಾದ ಅಭಿಮಾನಿಗಳು ಜಾಝಿನ ಇತಿಹಾಸ ಬರೆಯಲು ಹೊರಟರು. ಆರ್ಮ್‌ಸ್ಟ್ರಾಂಗ್ ಮೊದಲಾದವರು ಬಂಕ್‌ನ ಹೆಸರು ಹೇಳಿದರು. ವಿಳಾಸ ಹುಡುಕಿ ಕಾಗದ ಬರೆದರು. ಉತ್ತರ ಬಂತು: ಹಲ್ಲು ಮತ್ತು ವಾದ್ಯ ಸಿಕ್ಕಿದರೆ ಇನ್ನೂ ನುಡಿಸಬಲ್ಲೆ. ಅಭಿಮಾನಿಗಳು ಹಣ ಕೂಡಿಸಿದರು. ಟ್ರಂಪೆಟ್ ಬಂತು. ಹೆಸರಾಂತ ವಾದಕ ಸಿಡ್ನಿ ಬೆಶೆಯ ಅಣ್ಣ ಲೆನಾರ್ಡ್ ದಂತವೈದ್ಯ. ಅವನು ಹಲ್ಲಿನ ಸೆಟ್ಟು ಮಾಡಿಕೊಟ್ಟ. 1942ರ ಜೂನ್‌ನಲ್ಲಿ, ಮುದ್ರಣ ನಿಷೇಧ ಆರಂಭವಾಗುವ ಮುನ್ನ, ನ್ಯೂ ಆರ್ಲಿಯನ್ಸಿನಲ್ಲಿ ಬಂಕ್‌ನ ಮೊದಲ ರೆಕಾರ್ಡುಗಳು ತಯಾರಾದವು. 1945ರಲ್ಲಿ ನ್ಯೂಯಾರ್ಕ್ ಅವನನ್ನು ಕೇಳಲು ಮುಗಿಬಿತ್ತು. ಯಾವ ಸರ್ಕಾರವೂ ಯಾವ ಅಕಾಡೆಮಿಯೂ ಮಾಡದ ಕೆಲಸವನ್ನು ರೆಕಾರ್ಡು ಕೂಡಿಡುವ ಹುಚ್ಚಿನವರು ಮಾಡಿದರು. ಗದ್ದೆಯಲ್ಲಿದ್ದ ಮುದುಕನನ್ನು ವೇದಿಕೆಗೆ ತಂದರು. ಜೊತೆಗಿದ್ದ ಕ್ಲಾರಿನೆಟ್ ವಾದಕ ಜಾರ್ಜ್ ಲೂಯಿಸ್ ಬಂದರಿನಲ್ಲಿ ಮೂಟೆ ಹೊರುತ್ತಿದ್ದವನು. ಮುಂದೆ ಜಪಾನಿನ ತನಕ ಹೋಗಿ ನುಡಿಸಿ ಬಂದ. ಅಭಿಮಾನಕ್ಕೆ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಬೇಕಿಲ್ಲ.

ಆದರೆ ಪತ್ರದ ಹಿಂಬದಿಯಲ್ಲೂ ಬರಹವಿದೆ. ಅಭಿಮಾನಿಗಳಿಗೆ ಬೇಕಾಗಿದ್ದವನು ತಟ್ಟೆಯಲ್ಲಿ ಸಿಗದ ಬೋಲ್ಡನ್‌ನ ಕಾಲದವನು, ಕಳೆದುಹೋದ ಕೊಂಡಿ. ಬಂಕ್ ತಾನು 1879ರಲ್ಲಿ ಹುಟ್ಟಿದವನೆಂದೂ ಬೋಲ್ಡನ್ ಜೊತೆ ನುಡಿಸಿದವನೆಂದೂ ಹೇಳಿದ. ಅವರು ನಂಬಿದರು. ಅವನು ಸುಮಾರು ಹತ್ತು ವರ್ಷ ಚಿಕ್ಕವನಿದ್ದಿರಬೇಕೆಂದು ಅನಂತರದ ಸಂಶೋಧಕರು ಹೇಳುತ್ತಾರೆ. ಕೇಳುವವನು ಬಯಸಿ ಕೂತಾಗ ಹೇಳುವವನ ವಯಸ್ಸು ತಾನಾಗಿ ಏರುತ್ತದೆ.

ವಯಸ್ಸಿನ ಮಾತು ಹಾಗಿರಲಿ. ಬಂಕ್‌ಗೆ ನುಡಿಸಬೇಕೆನಿಸಿದ್ದು ಬೇರೆಯೇ. ಅಭಿಮಾನಿಗಳಿಗೆ 1910ರ ನ್ಯೂ ಆರ್ಲಿಯನ್ಸ್ ಬೇಕು, ಹಾಳೆ ನೋಡಲು ಬಾರದ ಬೀದಿವಾದಕರ ಒರಟು ಸೊಗಸು ಬೇಕು. ಬಂಕ್‌ಗೆ ಸ್ವರಲಿಪಿ ಓದಬಲ್ಲ ಪಳಗಿದ ವಾದಕರು ಬೇಕು, ಆ ಕಾಲದ ಜನಪ್ರಿಯ ಹಾಡುಗಳು ಬೇಕು. ಅಸಲು ಸಂಪ್ರದಾಯದ ಜೀವಂತ ಸಾಕ್ಷಿಯೆಂದು ಕರೆತಂದವನೇ ಆ ಸಂಪ್ರದಾಯದ ಹೊರಗೆ ಕಾಲಿಡಲು ತವಕಿಸಿದರೆ ಸಾಕ್ಷಿಯನ್ನು ನಂಬುವುದೋ ಬಿಡುವುದೋ? 1947ರ ಡಿಸೆಂಬರಿನಲ್ಲಿ ಅವನಿಗೆ ಅವಕಾಶ ಸಿಕ್ಕಿತು. ತನಗೆ ಬೇಕಾದ ವಾದಕರನ್ನು ಕೂಡಿಸಿಕೊಂಡು ರ್ಯಾಗ್‌ಟೈಮ್ ಕೃತಿಗಳನ್ನೂ ಚಾಲ್ತಿಯಲ್ಲಿದ್ದ ಹಾಡುಗಳನ್ನೂ ಅಚ್ಚುಕಟ್ಟಾಗಿ ನುಡಿಸಿದ. ಅವೇ ಅವನ ಕೊನೆಯ ಮುದ್ರಣಗಳು. 1949ರ ಜುಲೈನಲ್ಲಿ ನ್ಯೂ ಐಬೀರಿಯಾದಲ್ಲಿ ತೀರಿಕೊಂಡ. ಆ ತಟ್ಟೆ ಅಂಗಡಿಗೆ ಬಂದದ್ದು ಅವನು ಹೋದ ಮೇಲೆ. ಹಲ್ಲು ಕೊಟ್ಟವರು ಅದರಿಂದ ಏನನ್ನು ಕಚ್ಚಬೇಕೆಂಬುದನ್ನೂ ಹೇಳುವ ಹಕ್ಕು ತಮಗಿದೆ ಎಂದುಕೊಂಡರು. ಕೆಡುಕೆಣಿಸಿದವರು ಅವರಲ್ಲಿ ಯಾರೂ ಇರಲಿಲ್ಲ. ಪ್ರೀತಿಯೇ ಹಾಗೆ ಮಾಡಿಸಿತು.

ತಟ್ಟೆ ಎಷ್ಟು ನಂಬಿಕಸ್ಥ ಎಂಬುದಕ್ಕೆ ಇನ್ನೊಂದು ಪ್ರಸಂಗವಿದೆ. ಜಾಝಿನ ಗಂಧವಿಲ್ಲದವರ ಮನೆಯಲ್ಲೂ ಸಿಗುವ ರೆಕಾರ್ಡು ಮೈಲ್ಸ್ ಡೇವಿಸನ ‘ಕೈಂಡ್ ಆಫ್ ಬ್ಲೂ’. 1959ರ ಮಾರ್ಚ್ 2ರಂದು ಅದರ ಮೊದಲ ಮಗ್ಗುಲಿನ ಮೂರು ಕೃತಿಗಳನ್ನು ಮುದ್ರಿಸುವಾಗ ಟೇಪ್ ಯಂತ್ರ ಇರಬೇಕಾದ್ದಕ್ಕಿಂತ ತುಸು ನಿಧಾನವಾಗಿ ಓಡುತ್ತಿತ್ತು. ನಿಧಾನವಾಗಿ ಬರೆದುಕೊಂಡದ್ದನ್ನು ಸರಿಯಾದ ವೇಗದಲ್ಲಿ ಓದಿದರೆ ಕಂಪನಸಂಖ್ಯೆ ಏರುತ್ತದೆ. ಶ್ರುತಿ ಮೇಲಕ್ಕೆ ಹೋಗುತ್ತದೆ. ಜೊತೆಯಲ್ಲೇ ಓಡುತ್ತಿದ್ದ ಎರಡನೆಯ ಯಂತ್ರದ ಟೇಪಿನಿಂದ 1992ರಲ್ಲಿ ಇದನ್ನು ಸರಿಪಡಿಸಿದರು. ಅಂದರೆ ಮೂವತ್ತಮೂರು ವರ್ಷ ಲೋಕವೆಲ್ಲ ಕಣ್ಣುಮುಚ್ಚಿ ಸವಿದದ್ದು ಡೇವಿಸ್ ಎಂದೂ ನುಡಿಸದ ಶ್ರುತಿಯನ್ನು. ಸರಿಯಾದುದು ಬಂದಾಗ ಹಳೆಯದೇ ಕಿವಿಗೆ ಹಿತವೆಂದವರಿಗೂ ಕೊರತೆಯಿರಲಿಲ್ಲ. ಕೆಟ್ಟ ಗಡಿಯಾರಕ್ಕೆ ಒಗ್ಗಿದ ಮನೆಯವರಿಗೆ 'ಸರಿಯಾದ ಹೊತ್ತು' ಅಷ್ಟು ಬೇಗ ರುಚಿಸುವುದಿಲ್ಲ.

ಹಾಗೆಂದು ತಟ್ಟೆಗಳನ್ನು ಅಟ್ಟಕ್ಕೆ ಎಸೆಯಬೇಕೆ? ಎಸೆದಿದ್ದರೆ ದಕ್ಷಿಣ ಕನ್ನಡದ ಒಬ್ಬ ಕಲಾವಿದನಿಗೂ ಅಮೆರಿಕದ ಒಬ್ಬ ತರುಣನಿಗೂ ಭೇಟಿಯಾಗುತ್ತಿರಲಿಲ್ಲ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ನಾಗಸ್ವರ ಮನೆತನದ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದ. ಗಮಕಕ್ಕೆ ಬಗ್ಗದ ಆ ವಾದ್ಯವನ್ನು ತಿದ್ದಿ ಬಗ್ಗಿಸಿ ಕದ್ರಿ ಗೋಪಾಲನಾಥರೆಂದು ಹೆಸರಾದ. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕದ ಜಾನ್ ಹ್ಯಾಂಡಿ ಅವರೊಂದಿಗೆ ವೇದಿಕೆ ಹಂಚಿಕೊಂಡ. ಮುಂದೆ ಅವರದೊಂದು ರೆಕಾರ್ಡನ್ನು, ಸ್ಯಾಕ್ಸೋಫೋನ್ ಭಾರತೀಯ ಶೈಲಿಯಲ್ಲಿ ಎಂಬರ್ಥದ ಹೆಸರಿನದು, ಭಾರತೀಯ ತಂದೆತಾಯಿಗಳ ಮಗ ರುದ್ರೇಶ್ ಮಹಾಂತಪ್ಪನಿಗೆ ಅವನ ಅಣ್ಣ ತಮಾಷೆಗೆಂದು ಕೊಟ್ಟ. ಅಮೆರಿಕದಲ್ಲಿ ಜಾಝ್ ಸ್ಯಾಕ್ಸೋಫೋನ್ ಕಲಿಯುತ್ತಿದ್ದ ತಮ್ಮನಿಗೆ ಅದು ತಮಾಷೆಯಾಗಿ ಉಳಿಯಲಿಲ್ಲ. ಅವನು ಗೋಪಾಲನಾಥರನ್ನು ಹುಡುಕಿಕೊಂಡು ಬಂದ. ಇಬ್ಬರೂ ಕೂಡಿ ನುಡಿಸಿದ ‘ಕಿನ್ಸ್‌ಮೆನ್’, ಅಂದರೆ ಬಂಧುಗಳು, 2008ರಲ್ಲಿ ಹೊರಬಂತು. ಅದರಲ್ಲಿ ಗಿಟಾರಿನ ಜೊತೆಗೆ ಕನ್ಯಾಕುಮಾರಿಯವರ ಪಿಟೀಲಿದೆ, ಮೃದಂಗವಿದೆ. ಮಹಾಂತಪ್ಪ ಗೋಪಾಲನಾಥರನ್ನು ಜಾಝ್ ನುಡಿಸಿ ಎಂದು ಕೇಳಲಿಲ್ಲ. ತಟ್ಟೆಯಲ್ಲಿದ್ದುದನ್ನೇ ಮತ್ತೆ ನುಡಿಸಿ ಎಂದೂ ಕೇಳಲಿಲ್ಲ. ಎದುರು ಕುಳಿತು, ಮುಂದೇನು ಎಂದು ಕೇಳಿದ. ಗೋಪಾಲನಾಥರು 2019ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರ ಜೀವನದಲ್ಲಿ ಆ ತಟ್ಟೆ ಗೋಡೆಯಾಗದೆ ಬಾಗಿಲಾಯಿತು.

ಊರಿನ ಅಭಿಮಾನ ಬೇಕು. ಮೆಚ್ಚಿನ ರೆಕಾರ್ಡೂ ಬೇಕು. ಜಗಳವಂತೂ ಬೇಕೇ ಬೇಕು. ಅದಿಲ್ಲದೆ ಸಂಗೀತ ಕೇಳಿದ ಸುಖ ಪೂರ್ತಿಯಾಗದು. ಆದರೆ ನಿಮ್ಮ ಮೆಚ್ಚಿನ ರೆಕಾರ್ಡು ಯಾವುದು ಎಂದು ಪರಸ್ಪರ ಕೇಳಿಕೊಳ್ಳುವ ರಸಿಕರು ಅದರ ಬೆನ್ನಿಗೆ ಇನ್ನೊಂದು ಪ್ರಶ್ನೆಯನ್ನೂ ಹಾಕಿಕೊಳ್ಳಬಹುದು: ಇದನ್ನು ನುಡಿಸಿದವನಿಗೆ ಆಮೇಲೆ ಏನನ್ನು ನುಡಿಸಬೇಕೆನಿಸಿತ್ತು? ಬಂಕ್ ಜಾನ್ಸನ್‌ನ ಕೊನೆಯ ರೆಕಾರ್ಡು ಹುಡುಕಿದರೆ ಈಗಲೂ ಸಿಗುತ್ತದೆ. ಪಟ್ಟಿಗಳಲ್ಲಿ ಅದಕ್ಕೆ ಮೊದಲ ಸ್ಥಾನ ಕೊಟ್ಟವರು ಕಡಿಮೆ. ಅದನ್ನು ಒಮ್ಮೆ ಕೇಳಿ ನೋಡಿ. ಊರು ಯಾವುದೆಂದು ಹೇಳುವುದು ಕಷ್ಟ. ಮನುಷ್ಯ ಯಾರೆಂಬುದು ಸ್ಪಷ್ಟವಾಗಿ ಕೇಳುತ್ತದೆ.